ಪಕ್ಕದಲ್ಲಿ ಮನೆ ಕಟ್ಟುವಾಗ ನಿಮ್ಮ ಮನೆಯ ಆರೋಗ್ಯ

ಮಂಗಳೂರಿನ ಬಂದರು, ಕುದ್ರೋಳಿ, ಕಂಕನಾಡಿಯಂತಹ ಹಳೆಯ ಭಾಗಗಳಲ್ಲಿ ಒಂದು ಸುತ್ತು ನಡೆದು ಬನ್ನಿ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಅಂಗಳದಲ್ಲೊಂದು ಬಾವಿ ಇದ್ದ ಮನೆಗಳು ಕೆಳಗಿಳಿದು ಅದೇ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಏಳುತ್ತಿವೆ. ಉಳಿದ ಮನೆಗಳೂ ಸುಮ್ಮನಿಲ್ಲ. ಅಣ್ಣ ತಮ್ಮಂದಿರು ಪಾಲಾದರೆ ಮೇಲೊಂದು ಮಹಡಿ, ಮಗಳ ನಿಕಾಹ್ ನಿಶ್ಚಯವಾದರೆ ಹೊಸ ಟೈಲ್ಸ್, ರಮಝಾನ್ ಹತ್ತಿರ ಬಂದರೆ ಪೇಂಟಿಂಗ್. ಒಂದಲ್ಲ ಒಂದು ಮನೆಯ ಮುಂದೆ ಹೊಯ್ಗೆ, ಜಲ್ಲಿಯ ರಾಶಿ ಇದ್ದೇ ಇರುತ್ತದೆ.

ಮನೆ ಕಟ್ಟುವುದು ಸಂತೋಷದ ಕೆಲಸ. ಆದರೆ ಆ ಆರು ತಿಂಗಳು, ಒಂದು ವರ್ಷ ಆ ಬೀದಿಯಲ್ಲಿ ಏನೇನು ಬದಲಾಗುತ್ತದೆ ಎಂಬುದನ್ನು ಗಮನಿಸುವವರು ಕಡಿಮೆ. ಮಗುವಿಗೆ ಕೆಮ್ಮು ಬಂದರೆ ಹವಾಮಾನವನ್ನು ದೂರುತ್ತೇವೆ, ಜ್ವರ ಬಂದರೆ ಚರಂಡಿಯನ್ನು. ಕಾರಣ ಕೆಲವೊಮ್ಮೆ ಪಕ್ಕದ ತಾರಸಿಯ ಮೇಲಿರುತ್ತದೆ.

ಮೊದಲು ಆ ತಾರಸಿಯನ್ನೇ ನೋಡಿ. ಕಾಂಕ್ರೀಟ್ ಹಾಕಿದ ಮೇಲೆ ಅದು ಗಟ್ಟಿಯಾಗಲು ಒದ್ದೆಯಾಗಿರಬೇಕು. ಇದಕ್ಕೆ ಕ್ಯೂರಿಂಗ್ ಎನ್ನುತ್ತಾರೆ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಹೆಚ್ಚಾಗಿ ಬಳಸುವ ಹಾರುಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ಎನ್ನುತ್ತದೆ ನಮ್ಮ ದೇಶದ ಕಾಂಕ್ರೀಟ್ ಮಾನದಂಡ. ಮೇಸ್ತ್ರಿಗಳು ತಾರಸಿಯ ಮೇಲೆ ಗಾರೆಯಿಂದ ಸಣ್ಣ ಸಣ್ಣ ಬದು ಕಟ್ಟಿ ಎರಡು ಮೂರು ವಾರ ನೀರು ನಿಲ್ಲಿಸುವುದೂ ಉಂಟು. ಇನ್ನೊಂದು ಲೆಕ್ಕ ನೋಡಿ: ಸೊಳ್ಳೆಯ ಮೊಟ್ಟೆ ಮರಿಯಾಗಿ, ಕೋಶವಾಗಿ, ರೆಕ್ಕೆ ಬಂದು ಹಾರಲು ನಮ್ಮ ಕರಾವಳಿಯ ಸೆಕೆಯಲ್ಲಿ ಸುಮಾರು 7ರಿಂದ 10 ದಿನ ಸಾಕು. ಕಾಂಕ್ರೀಟಿಗೆ ಬೇಕಾದ ದಿನಗಳೂ ಸೊಳ್ಳೆಗೆ ಬೇಕಾದ ದಿನಗಳೂ ಹೀಗೆ ಹೊಂದಿಕೊಂಡಿವೆ.

ಮಂಗಳೂರಿನಲ್ಲಿ ಮಲೇರಿಯಾ 1990ರ ದಶಕದಿಂದ ಬೇರೂರಿದ್ದಕ್ಕೆ ಕಟ್ಟಡ ಕಾಮಗಾರಿಯ ಭರಾಟೆಯೂ ಒಂದು ಮುಖ್ಯ ಕಾರಣ ಎಂದು ವೈದ್ಯರು ಹಿಂದಿನಿಂದಲೂ ಹೇಳುತ್ತಾ ಬಂದಿದ್ದಾರೆ. ಇಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫನ್ಸಿ ಎಂಬ ಸೊಳ್ಳೆಗೆ ಚರಂಡಿಯ ಕೊಳಕು ನೀರು ಹಿಡಿಸುವುದಿಲ್ಲ. ಬಾವಿ, ಟ್ಯಾಂಕಿ, ಡ್ರಮ್ಮು, ತಾರಸಿಯ ತಿಳಿನೀರೇ ಅದಕ್ಕೆ ಇಷ್ಟ. ಡೆಂಗಿ ಹರಡುವ ಈಡಿಸ್ ಸೊಳ್ಳೆಯದೂ ಹೆಚ್ಚು ಕಡಿಮೆ ಅದೇ ಸ್ವಭಾವ. ಅದು ಹಗಲಲ್ಲಿ ಕಚ್ಚುತ್ತದೆ, ಅನಾಫಿಲಿಸ್ ಸಂಜೆಯ ನಂತರ. ಈಡಿಸ್ ಮೊಟ್ಟೆಗಳು ನೀರು ಒಣಗಿದ ಮೇಲೂ ಡ್ರಮ್ಮಿನ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿರುತ್ತವೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಒಳಗಿನ ಗೋಡೆಯನ್ನು ತಿಕ್ಕಿ ತೊಳೆಯಬೇಕು.

ಮಕ್ಕಳಿಗೆ ಇದನ್ನು ತೋರಿಸಿಕೊಡಿ, ಅವರು ಆಸಕ್ತಿಯಿಂದ ನೋಡುತ್ತಾರೆ. ನಿಂತ ನೀರಿನಲ್ಲಿ ಬಾಲಹುಳ ಕಂಡರೆ ಅದು ಹೇಗೆ ಮಲಗಿದೆ ಎಂದು ಗಮನಿಸಲಿ. ನೀರಿನ ಮೇಲ್ಮೈಗೆ ಸಮಾನಾಂತರವಾಗಿ, ಚಾಪೆ ಹಾಸಿದಂತೆ ಮಲಗಿದ್ದರೆ ಅನಾಫಿಲಿಸ್. ತಲೆ ಕೆಳಗೆ ಮಾಡಿ ಓರೆಯಾಗಿ ತೂಗಾಡುತ್ತಿದ್ದರೆ ಈಡಿಸ್ ಅಥವಾ ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್. ಯಾವುದಾದರೂ ಮಾಡಬೇಕಾದ ಕೆಲಸ ಒಂದೇ.

ಹಾಗೆಂದು ಕ್ಯೂರಿಂಗ್ ನಿಲ್ಲಿಸಿ ಎನ್ನುವಂತಿಲ್ಲ, ಮನೆ ಬಲವಾಗಬೇಡವೇ? ದಾರಿ ಸುಲಭವಾಗಿದೆ. ವಾರಕ್ಕೊಂದು ದಿನ, ಉದಾಹರಣೆಗೆ ಪ್ರತಿ ಶುಕ್ರವಾರ ಬೆಳಿಗ್ಗೆ, ಬದು ಒಡೆದು ನೀರನ್ನು ಪೂರ್ತಿ ಹರಿಯಬಿಟ್ಟು ಹೊಸ ನೀರು ತುಂಬಿಸುವುದು. ಅಷ್ಟು ಹೊತ್ತಿಗೆ ಹುಳಗಳು ಬಿಸಿಲಿಗೆ ಸಾಯುತ್ತವೆ, ಕಾಂಕ್ರೀಟಿಗೂ ತೊಂದರೆಯಿಲ್ಲ. ಅಥವಾ ಗೋಣಿಚೀಲ ಹಾಸಿ ಅದನ್ನು ಒದ್ದೆಯಾಗಿಡುವುದು. ಎಲ್ಲರ ಕಣ್ಣಿಗೂ ತಪ್ಪುವ ಜಾಗ ಒಂದಿದೆ: ಲಿಫ್ಟ್ ಗುಂಡಿ. ಕೆಲಸ ನಿಂತ ಕಟ್ಟಡಗಳಲ್ಲಿ ಆ ಗುಂಡಿಯಲ್ಲಿ ಮಳೆನೀರು ತುಂಬಿ ವರ್ಷವಿಡೀ ಇರುತ್ತದೆ. ನೀರೆತ್ತಲು ಆಗದ ಕಡೆ, ಬಳಸದ ಬಾವಿಯಲ್ಲಿ, ಗಪ್ಪಿ ಮೀನು ಬಿಡಬಹುದು. ಆರೋಗ್ಯ ಇಲಾಖೆಯವರನ್ನು ಕೇಳಿದರೆ ಮೀನು ಎಲ್ಲಿ ಸಿಗುತ್ತದೆ ಎಂದು ಹೇಳುತ್ತಾರೆ.

ಇನ್ನು ಧೂಳು. ಕಣ್ಣಿಗೆ ಕಾಣುವ ಧೂಳು ಅಷ್ಟೇನೂ ಅಪಾಯಕಾರಿಯಲ್ಲ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಅದನ್ನು ಮೂಗು ತಡೆಯುತ್ತದೆ, ಗಂಟಲು ಕಫವಾಗಿ ಹೊರಹಾಕುತ್ತದೆ. ಗ್ರಾನೈಟ್, ಟೈಲ್ಸ್ ಅಥವಾ ಕಾಂಕ್ರೀಟನ್ನು ಯಂತ್ರದಿಂದ ಒಣದಾಗಿ ಕತ್ತರಿಸುವಾಗ ಏಳುವ ಹೊಗೆಯಂತಹ ಹುಡಿಯಲ್ಲಿ ಮಾತ್ರ ಸಿಲಿಕಾದ ಅತಿಸೂಕ್ಷ್ಮ ಕಣಗಳಿರುತ್ತವೆ. ಇವು ತಲೆಕೂದಲಿನ ದಪ್ಪದ ಹತ್ತರಲ್ಲೊಂದು ಪಾಲಿಗಿಂತಲೂ ಚಿಕ್ಕವು. ನೇರವಾಗಿ ಶ್ವಾಸಕೋಶದ ಆಳಕ್ಕಿಳಿದು ಅಲ್ಲೇ ಗಾಯದ ಕಲೆ ಮೂಡಿಸುತ್ತವೆ. ಸಿಲಿಕೋಸಿಸ್ ಎಂಬ ಈ ರೋಗವನ್ನು ಗುಣಪಡಿಸುವ ಔಷಧಿಯಿಲ್ಲ. ಈ ರೋಗ ಇದ್ದವರಿಗೆ ಕ್ಷಯವೂ ಸುಲಭವಾಗಿ ತಗಲುತ್ತದೆ. ಪಕ್ಕದ ಮನೆಯವರಿಗಿಂತ ದಿನವಿಡೀ ಕತ್ತರಿಸುವ ಹುಡುಗನಿಗೆ ಇದರ ಅಪಾಯ ಹೆಚ್ಚು. ಆದರೆ ಪಕ್ಕದಲ್ಲಿ ಆಸ್ತಮಾ ಇರುವ ಅಜ್ಜಿಯೋ ಹಸುಗೂಸೋ ಇದ್ದರೆ ಅವರ ಉಸಿರಾಟ ಅದೇ ದಿನ ಕೆಡುತ್ತದೆ.

ಕತ್ತರಿಸುವ ಜಾಗಕ್ಕೆ ನೀರು ಬಿಡುತ್ತಾ ಕತ್ತರಿಸಿದರೆ ಬಹುಪಾಲು ಧೂಳು ಏಳುವುದೇ ಇಲ್ಲ. ಖರ್ಚು ಏನೂ ಇಲ್ಲ, ಒಂದು ಪೈಪು ಸಾಕು. ಮುಖಕ್ಕೆ ಕರವಸ್ತ್ರ ಕಟ್ಟಿಕೊಳ್ಳುವುದರಿಂದ ಸಮಾಧಾನ ಸಿಗುತ್ತದೆಯೇ ಹೊರತು ರಕ್ಷಣೆ ಸಿಗುವುದಿಲ್ಲ, ಎನ್-95 ಮಾಸ್ಕ್ ಬೇಕು. ನಿಮ್ಮ ಮನೆಯೊಳಗೆ ಬಂದು ಕೂತ ಧೂಳನ್ನು ಹಿಡಿಸೂಡಿಯಿಂದ ಗುಡಿಸಬೇಡಿ. ಗುಡಿಸಿದರೆ ಅದು ಮತ್ತೆ ಗಾಳಿಗೇಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಒಣಗುವ ಮುನ್ನವೇ ತೊಳೆಯಿರಿ.

ಹಳೆಯ ಬಾಗಿಲು ಕಿಟಕಿಗಳ ಎಣ್ಣೆ ಬಣ್ಣವನ್ನು ಉಜ್ಜಿ ತೆಗೆಯುವಾಗ ಬೇರೊಂದು ವಿಷ ಹೊರಬರುತ್ತದೆ: ಸೀಸ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದ ಪದರಗಳಲ್ಲಿ ಎಷ್ಟಿದೆ ಎಂದು ನೋಡಿ ಹೇಳಲಾಗದು. ಆದ್ದರಿಂದ ಇದೆ ಎಂದೇ ಭಾವಿಸಿ ನಡೆದುಕೊಳ್ಳುವುದು ಒಳ್ಳೆಯದು. ನೆಲದಲ್ಲಿ ಅಂಬೆಗಾಲಿಡುವ ಮಗು ಕೈಯನ್ನು ಬಾಯಿಗಿಡುತ್ತದೆ, ಆ ದಾರಿಯಲ್ಲೇ ಸೀಸ ದೇಹ ಸೇರುತ್ತದೆ. ಜ್ವರವಿಲ್ಲ, ವಾಂತಿಯಿಲ್ಲ. ಮಗುವಿನ ಕಲಿಯುವ ಶಕ್ತಿ ಮಾತ್ರ ಸದ್ದಿಲ್ಲದೆ ಕುಗ್ಗುತ್ತದೆ. ಮಗುವಿಗೆ ಇಷ್ಟು ಸೀಸದಿಂದ ಏನೂ ಆಗುವುದಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಗರ್ಭಿಣಿಯ ರಕ್ತದಿಂದ ಅದು ಭ್ರೂಣಕ್ಕೂ ತಲುಪುತ್ತದೆ. ಹೆರಿಗೆಗೆಂದು ಮಗಳನ್ನು ತವರಿಗೆ ಕರೆತರುವ ಮುನ್ನ ಮನೆಗೆ ಬಣ್ಣ ಹೊಡೆಸುವುದು ನಮ್ಮಲ್ಲಿ ರೂಢಿ. ಹೊಡೆಸಿ, ಆದರೆ ಅವಳು ಬರುವುದಕ್ಕೆ ಕೆಲವು ವಾರ ಮೊದಲೇ ಮುಗಿಸಿ. ಬಣ್ಣವನ್ನು ಒದ್ದೆ ಮಾಡಿ ಉಜ್ಜಲು ಹೇಳಿ, ಕಿಟಕಿ ತೆರೆದು ವಾಸನೆ ಪೂರ್ತಿ ಹೋಗಲು ಬಿಡಿ.

ಹಳೆಯ ಶೆಡ್ಡಿನ ಸಿಮೆಂಟ್ ಶೀಟುಗಳನ್ನು ಸುತ್ತಿಗೆಯಿಂದ ಒಡೆದು ಕೆಳಗೆ ಹಾಕುವುದನ್ನು ಕಂಡರೆ ದಯವಿಟ್ಟು ತಡೆಯಿರಿ. ಅವುಗಳಲ್ಲಿ ಹೆಚ್ಚಿನವು ಆಸ್ಬೆಸ್ಟಾಸ್. ಶೀಟು ಹಾಗೇ ಇದ್ದಾಗ ಅಪಾಯ ಕಡಿಮೆ, ಒಡೆದಾಗ ಏಳುವ ನಾರು ಶ್ವಾಸಕೋಶಕ್ಕೆ ಹೋಗಿ ಹತ್ತಾರು ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲುದು. ನೀರು ಹಾಕಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಬೇಕು.

ಸುಣ್ಣ ಮತ್ತು ಒದ್ದೆ ಸಿಮೆಂಟು ಚರ್ಮವನ್ನು ಸುಡುತ್ತವೆ. ಆಟವಾಡುವ ಮಗುವಿನ ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ಮನೆಮದ್ದು ಹಾಕಬೇಡಿ. ಹರಿಯುವ ಶುದ್ಧ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆದು ಕೂಡಲೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಆಸ್ಪತ್ರೆ ಹತ್ತಿರವಿದೆ ಎಂದು ತೊಳೆಯದೆ ಓಡುವುದು ತಪ್ಪು.

ಬಾವಿಯ ನೀರನ್ನು ಈಗಲೂ ಕುಡಿಯುವವರು ಇನ್ನೊಂದು ವಿಷಯ ಗಮನಿಸಬೇಕು. ಹೊಸ ಕಟ್ಟಡದ ಶೌಚಗುಂಡಿ ನಿಮ್ಮ ಬಾವಿಯಿಂದ ಎಷ್ಟು ದೂರದಲ್ಲಿದೆ? ಸಾಮಾನ್ಯವಾಗಿ 15 ಮೀಟರಿಗಿಂತ ಹೆಚ್ಚು ದೂರ ಇರಬೇಕು ಎನ್ನುತ್ತಾರೆ. ನಮ್ಮ ಮುರಕಲ್ಲು ತೂತು ತೂತಾಗಿರುವುದರಿಂದ ನೀರು ಅದರಲ್ಲಿ ಬೇಗ ಹರಿಯುತ್ತದೆ, ಹಾಗಾಗಿ ಇನ್ನೂ ದೂರವಿದ್ದಷ್ಟು ಒಳ್ಳೆಯದು. ಪಾಯ ಅಗೆಯುವಾಗ ನಳ್ಳಿಯ ಪೈಪು ಒಡೆದು ಒಳಚರಂಡಿಯ ನೀರು ಸೇರುವುದೂ ಉಂಟು. ನೀರಿನ ಬಣ್ಣ ಅಥವಾ ವಾಸನೆ ಬದಲಾದರೆ ಸರಿಪಡಿಸುವವರೆಗೆ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ಬದಲಾಗದಿದ್ದರೂ ಕಾಮಗಾರಿ ಮುಗಿಯುವವರೆಗೆ ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ. ಗರ್ಭಿಣಿಯರಿಗೆ ಹೆಪಟೈಟಿಸ್-ಇ ಕಾಮಾಲೆ ಪ್ರಾಣಾಂತಿಕವಾಗಬಲ್ಲುದು, ಅದು ಹರಡುವುದು ಇಂತಹ ನೀರಿನಿಂದಲೇ. ಹಳೆಯ ಮನೆ ಕೆಡವಿದಾಗ ಅಲ್ಲಿನ ಇಲಿಗಳು ಪಕ್ಕದ ಮನೆಗೆ ಬರುತ್ತವೆ. ಮಳೆಗಾಲದಲ್ಲಿ ಇಲಿಜ್ವರದ ನೆನಪಿರಲಿ, ಕಾಲಿನಲ್ಲಿ ಗಾಯವಿದ್ದವರು ನಿಂತ ನೀರಿಗೆ ಇಳಿಯಬಾರದು.

ಇದನ್ನೆಲ್ಲ ನೆರೆಯವರಿಗೆ ಹೇಳುವುದು ಹೇಗೆ? ಕೆಲಸ ಆರಂಭವಾಗುವ ಮೊದಲೇ ಹೋಗಿ ಮಾತನಾಡಿ. ಧೂಳು ಎದ್ದ ಮೇಲೆ ಗೇಟಿನಲ್ಲಿ ನಿಂತು ಆಡುವ ಮಾತು ಜಗಳವಾಗುತ್ತದೆ. ಕೆಡವುವಾಗ ಗೋಡೆಗೆ ನೀರು ಹಾಕಿಸಿ, ಹಸಿರು ಬಲೆ ಕಟ್ಟಿಸಿ, ನಮ್ಮ ಮನೆಯಲ್ಲಿ ಉಬ್ಬಸದ ಕಾಯಿಲೆಯವರಿದ್ದಾರೆ ಎಂದರೆ ಬೇಡ ಎನ್ನುವವರು ವಿರಳ. ರಾತ್ರಿ ಹತ್ತರ ನಂತರ ವಸತಿ ಪ್ರದೇಶದಲ್ಲಿ 45 ಡೆಸಿಬಲ್ ಮೀರಿ ಸದ್ದು ಮಾಡಬಾರದೆಂಬ ನಿಯಮವೂ ಇದೆ, ಆದರೆ ನಿಯಮದಿಂದ ಮಾತು ಶುರುಮಾಡಬೇಡಿ. ಕಟ್ಟಿಸುವವರು ನೀವೇ ಆಗಿದ್ದರೆ ನೆರೆಯವರು ಕೇಳುವವರೆಗೆ ಕಾಯಬೇಡಿ.

ಕೆಲಸದವರನ್ನೂ ನೋಡಿ. ದೂರದ ರಾಜ್ಯಗಳಿಂದ ಬಂದ ಅವರು ಅದೇ ಅರೆಕಟ್ಟಿದ ಕಟ್ಟಡದಲ್ಲಿ ಸೊಳ್ಳೆಪರದೆಯಿಲ್ಲದೆ ಮಲಗುತ್ತಾರೆ. ಅವರಲ್ಲೊಬ್ಬನಿಗೆ ಚಳಿ ಜ್ವರ ಬಂದರೆ ಅವನ ರಕ್ತ ಹೀರಿದ ಸೊಳ್ಳೆ ನಿಮ್ಮ ಕಿಟಕಿಗೂ ಬರುತ್ತದೆ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಮಲೇರಿಯಾ ರಕ್ತಪರೀಕ್ಷೆ ಉಚಿತ, ಮಾತ್ರೆಯೂ ಉಚಿತ. ಇಲ್ಲಿ ಹೆಚ್ಚಾಗಿ ಕಾಣುವ ವೈವ್ಯಾಕ್ಸ್ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ಅಡಗಿ ಕುಳಿತು ತಿಂಗಳುಗಳ ನಂತರ ಮತ್ತೆ ಜ್ವರ ತರುತ್ತದೆ. ಅದನ್ನು ಅಲ್ಲಿಂದ ಹೊರಹಾಕಲು ವೈದ್ಯರು ಪ್ರಿಮಾಕ್ವಿನ್ ಮಾತ್ರೆಯನ್ನು 14 ದಿನ ಕೊಡುತ್ತಾರೆ. ಗರ್ಭಿಣಿಯರಿಗೂ ಹಸುಳೆಗಳಿಗೂ ಅದನ್ನು ಕೊಡುವಂತಿಲ್ಲ. ಉಳಿದವರು ಮೂರನೆಯ ದಿನ ಜ್ವರ ಬಿಟ್ಟಿತೆಂದು ಮಾತ್ರೆ ಎಸೆದು ಕೆಲಸಕ್ಕೆ ಹೋಗುತ್ತಾರೆ. ಮೇಸ್ತ್ರಿಗೆ ಹೇಳಿ, ಹದಿನಾಲ್ಕನೆಯ ದಿನದವರೆಗೂ ಅವನು ಮಾತ್ರೆ ನುಂಗಿದನೇ ಎಂದು ದಿನವೂ ಕೇಳಲಿ.