ಬ್ಯಾಡ್ಜ್ ನೋಡಿ ಬೆಲೆ ಕಟ್ಟಬೇಡಿ

ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು 3 ಸೀರೀಸ್ ಕೊಳ್ಳಲು ಹೊರಟಿದ್ದೀರಾ? ಸಂತೋಷ. ಮುಂಗಡ ಕೊಡುವ ಮುನ್ನ ಒಂದು ಮಾತು ಕೇಳಿ.

‘ಎಂ’ ಅಕ್ಷರ ಕಂಡ ಕೂಡಲೇ ಕಾರು ಹೆಚ್ಚು ವೇಗದ್ದು ಎಂದುಕೊಂಡು ದುಡ್ಡು ಸುರಿಯಬೇಡಿ. ಎಂ ಸ್ಪೋರ್ಟ್ ಎಂದರೆ ಮುಖ್ಯವಾಗಿ ಬಂಪರ್, ಅಲಾಯ್ ಚಕ್ರ, ಸ್ಟೀರಿಂಗ್, ಒಳಾಂಗಣದ ಅಲಂಕಾರ. 330ಐ ಸ್ಪೋರ್ಟ್ ಆಗಲಿ, 330ಐ ಎಂ ಸ್ಪೋರ್ಟ್ ಆಗಲಿ, ಬಾನೆಟ್ ಕೆಳಗಿರುವುದು ಅದೇ 2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಅದೇ 258 ಅಶ್ವಶಕ್ತಿ. 2021ರಲ್ಲಿ ಭಾರತಕ್ಕೆ ಬಂದ ಎಂ340ಐ ಮಾತ್ರ ಬೇರೆಯದೇ ಕಾರು: 3 ಲೀಟರ್, ಆರು ಸಿಲಿಂಡರ್, ನಾಲ್ಕೂ ಚಕ್ರಗಳಿಗೆ ಶಕ್ತಿ.

ಬ್ಯಾಡ್ಜನ್ನು ಯಾರು ಬೇಕಾದರೂ ಅಂಟಿಸಬಹುದು, ಬಂಪರನ್ನೂ ಬದಲಿಸಬಹುದು. ಆದ್ದರಿಂದ ಆರ್‌ಸಿಯಲ್ಲಿರುವ 17 ಅಕ್ಷರಗಳ ಚಾಸಿಸ್ ಸಂಖ್ಯೆಯನ್ನು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ತೋರಿಸಿ, ಕಾರ್ಖಾನೆಯಿಂದ ಬಂದಾಗ ಏನೇನಿತ್ತು ಎಂದು ಖಚಿತಪಡಿಸಿಕೊಳ್ಳಿ. ಸರ್ವಿಸ್ ದಾಖಲೆಯನ್ನೂ ಕೇಳಿ.

ದೊಡ್ಡ ಚಕ್ರ, ತೆಳು ಟೈರು ನೋಡಲು ಚೆಂದ. ಆದರೆ ನಮ್ಮ ಹಳ್ಳದಿಣ್ಣೆಯ ರಸ್ತೆಯಲ್ಲಿ ರಿಮ್ಮು ಸೊಟ್ಟಗಾಗುತ್ತದೆ, ಟೈರಿನ ಪಕ್ಕ ಉಬ್ಬುತ್ತದೆ. ನಾಲ್ಕೂ ಟೈರಿನ ಪಕ್ಕವನ್ನು ಕೈಯಿಂದ ಸವರಿ ನೋಡಿ. ಇನ್ನೊಂದು ಮಾತು: ಬೇರೆ ರಾಜ್ಯದ, ಉದಾಹರಣೆಗೆ ದೆಹಲಿಯ ಕಾರು ಅಗ್ಗ ಅನ್ನಿಸಿದರೆ, ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಕರ್ನಾಟಕದ ಜೀವಾವಧಿ ತೆರಿಗೆಯನ್ನೂ ಲೆಕ್ಕಕ್ಕೆ ಸೇರಿಸಿ.

ಒಂದೇ ಬೆಲೆಗೆ ಎರಡು ಕಾರು ಸಿಕ್ಕರೆ, ಅಂದದ ಎಂ ಸ್ಪೋರ್ಟ್‌ಗಿಂತ ಚೆನ್ನಾಗಿ ನೋಡಿಕೊಂಡ ಸಾದಾ ಸ್ಪೋರ್ಟನ್ನೇ ಆರಿಸಿ. ಕೈಯಲ್ಲಿ ಸ್ವಲ್ಪ ಹಣವನ್ನೂ ಉಳಿಸಿಕೊಳ್ಳಿ; ಟೈರಿಗೆ, ಸರ್ವಿಸಿಗೆ ಖಂಡಿತ ಬೇಕಾಗುತ್ತದೆ.