ಹುಳುಕು ಹಲ್ಲು, ಮೈತೂಕ ಮತ್ತು ಆಟ

ಮೈತೂಕವನ್ನು ಹೆಚ್ಚಿಸುವ ಸಕ್ಕರೆಯೇ ಹಲ್ಲನ್ನೂ ಕೆಡಿಸುತ್ತದೆ. ಹಾಗಾದರೆ ಮೈದಾನದಲ್ಲಿ ಓಡಿ ಎರಡು ಕೇಡುಗಳಿಂದಲೂ ಪಾರಾಗಬಹುದಲ್ಲವೆ ಎಂದು ನಾವು ಭಾವಿಸುವುದುಂಟು. ಓಡುವಾಗ ಸ್ನಾಯುಗಳು ಸಕ್ಕರೆಯ ಶಕ್ತಿಯನ್ನು ವ್ಯಯಮಾಡುವುದೇನೋ ನಿಜ. ಆದರೆ ಅದರ ಒಂದಂಶವನ್ನು ಹಲ್ಲಿನ ಪಾಚಿಯಲ್ಲಿರುವ ಸೂಕ್ಷ್ಮಜೀವಿಗಳು ಬಾಯಲ್ಲಿಯೇ ಆಮ್ಲವಾಗಿ ಮಾರ್ಪಡಿಸಿರುತ್ತವೆ. (ಹುಳುಕು ಎಂಬುದು ಬರಿಯ ಹೆಸರು, ಅಲ್ಲಿ ಹುಳುವೇನೂ ಇಲ್ಲ.) ಕೆಲವೇ ನಿಮಿಷಗಳಲ್ಲಿ ಪಿ.ಎಚ್. ಅಂಕ ಸುಮಾರು 5.5ಕ್ಕಿಂತ ಕೆಳಗಿಳಿದು ಎನಾಮೆಲ್ಲಿನ ಖನಿಜವು ಕರಗತೊಡಗುತ್ತದೆ. ಜೊಲ್ಲು ಇದನ್ನು ಸರಿಪಡಿಸಲು ಅರ್ಧ ಗಂಟೆಯಾದರೂ ಬೇಕು. ಆಟದ ನಡುನಡುವೆ ಸಿಹಿಪಾನೀಯವನ್ನು ಗುಟುಕರಿಸುವವನಿಗೆ ಆ ಬಿಡುವು ದೊರೆಯದು. ಆದುದರಿಂದಲೇ ತೆಳ್ಳಗಿನ ಚುರುಕು ಹುಡುಗನ ಹಲ್ಲೂ ಹುಳುಕಾಗಬಹುದು. ನೋವಿನಿಂದ ಅಗಿಯಲಾರದೆ ಮಗುವಿನ ತೂಕ ಇಳಿಯುವುದೂ ಉಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940-45ರಲ್ಲಿ, ನಾರ್ವೆಯಲ್ಲಿ ಸಕ್ಕರೆ ವಿರಳವಾಗಲು ಶಾಲಾಮಕ್ಕಳ ದಂತಕ್ಷಯವು ಇಳಿಯಿತು. ಯುದ್ಧಾನಂತರ ಸಕ್ಕರೆ ಮರಳಿತು, ಕೆಲವು ವರ್ಷಗಳ ತರುವಾಯ ಹುಳುಕೂ ಮರಳಿತು.