ಮದುವೆಮನೆಯಲ್ಲಿ ಛಾಯಾಗ್ರಹಣ

ಛಾಯಾಗ್ರಹಣವೆಂಬ ವಿದ್ಯೆ ಲೋಕಕ್ಕೆ ಬಹಿರಂಗವಾದದ್ದು 1839ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಫ್ರಾನ್ಸಿನ ಲೂಯಿ ಡಗೇರ್ ಎಂಬಾತನು ಪ್ಯಾರಿಸ್ ನಗರದ ಒಂದು ಬೀದಿಯನ್ನು ಮೇಲಿನ ಕಿಟಕಿಯೊಂದರಿಂದ ಚಿತ್ರಿಸಿದನು. ಹಗಲು ಹೊತ್ತಿನ ಪೇಟೆಬೀದಿ. ಗಾಡಿ, ಕುದುರೆ, ಜನ ಎಲ್ಲವೂ ಇದ್ದಿರಲೇಬೇಕು. ಆದರೂ ಚಿತ್ರದಲ್ಲಿ ಬೀದಿ ಬರಿದಾಗಿದೆ. ತಗಡಿನ ಮೇಲೆ ಬೆಳಕು ಅಚ್ಚೊತ್ತಲು ಆಗ ಕೆಲವು ನಿಮಿಷಗಳೇ ಬೇಕಾಗಿದ್ದುದರಿಂದ, ಓಡಾಡುತ್ತಿದ್ದವರು ಯಾರೂ ಅದರಲ್ಲಿ ಉಳಿಯಲಿಲ್ಲ. ಮೂಲೆಯಲ್ಲಿ ನಿಂತು ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಿದ್ದ ಒಬ್ಬ ಮನುಷ್ಯನೂ, ಅವನ ಕಾಲಬುಡದಲ್ಲಿ ಕುಳಿತವನ ಮಸುಕಾದ ಆಕಾರವೂ ಮಾತ್ರ ಉಳಿದುಕೊಂಡಿವೆ. ನಮ್ಮ ಇತಿಹಾಸದ ಅಧ್ಯಾಪಕರು ತರಗತಿಯಲ್ಲಿ ಈ ಚಿತ್ರವನ್ನು ತೋರಿಸಿ, "ಇಲ್ಲಿ ಕಾಣಿಸದವರು ಬೀದಿಯಲ್ಲಿ ಇರಲಿಲ್ಲವೇನು?" ಎಂದು ಕೇಳಿದ್ದರು. ಆ ಪ್ರಶ್ನೆ ಮುಂದೆ ಒಂದು ಕಲ್ಯಾಣಮಂಟಪದಲ್ಲಿ ನನಗೆ ಉಪಯೋಗಕ್ಕೆ ಬರುವುದೆಂದು ಅಂದು ನಾನು ಎಣಿಸಿರಲಿಲ್ಲ.

ಈ ವರ್ಷ ನನ್ನ ಸೋದರಮಾವನ ಮಗಳ ಮದುವೆ ನಡೆಯಿತು. ಮಾವ ತೀರಿಕೊಂಡು ಆರು ವರ್ಷಗಳಾದವು. ಪಟ್ಟಣದ ಸ್ಟುಡಿಯೋದವರು ಹೇಳಿದ ದರವು ನಮ್ಮ ಅತ್ತೆಗೆ ಒಂದು ಬೆಳೆಯ ರೇಷ್ಮೆಗೂಡಿನಿಂದ ಬರುವ ಹಣಕ್ಕೆ ಸಮನಾಗಿತ್ತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. "ಬಿ.ಎ. ಓದ್ತಾವ್ಳೆ, ಇಷ್ಟು ಬರಾಕಿಲ್ವಾ?" ಎಂದು ಚಿಕ್ಕಮಾವ ತೀರ್ಪು ಕೊಟ್ಟುಬಿಟ್ಟರು. ಬಿ.ಎ. ತರಗತಿಗೂ ಛಾಯಾಗ್ರಹಣಕ್ಕೂ ಏನು ಸಂಬಂಧವೆಂದು ಕೇಳುವ ಧೈರ್ಯ ಯಾರಿಗಿದೆ? ಅಧ್ಯಾಪಕರೊಬ್ಬರು ತಮ್ಮ ಹಳೆಯ ಕ್ಯಾನನ್ ಡಿಜಿಟಲ್ ಕ್ಯಾಮೆರಾವನ್ನೂ ಎರಡು ಲೆನ್ಸುಗಳನ್ನೂ ಒಂದು ಫ್ಲಾಷನ್ನೂ ಮೂರು ವಾರಗಳ ಮಟ್ಟಿಗೆ ಕೊಟ್ಟರು. ಆ ಮೂರು ವಾರಗಳಲ್ಲಿಯೂ ಮದುವೆಯ ಎರಡು ದಿನಗಳಲ್ಲಿಯೂ ಕಲಿತ ಕೆಲವು ಸಂಗತಿಗಳನ್ನು, ಇಂಥ ಕೆಲಸ ಮೈಮೇಲೆ ಬೀಳಬಹುದಾದ ಸಹಪಾಠಿಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾನು ಮಾಡಿದ್ದು ಊರಿನ ಆಲ್ಬಮ್ಮುಗಳನ್ನು ನೋಡಿದ್ದು. ನನ್ನ ತಾಯಿಯ ಮದುವೆಯ ಒಂದು ಚಿತ್ರವೂ ನಮ್ಮ ಮನೆಯಲ್ಲಿಲ್ಲವಾದ್ದರಿಂದ ನೆರೆಹೊರೆಯವರಿಂದ ಏಳು ಆಲ್ಬಮ್ಮುಗಳನ್ನು ಎರವಲು ತಂದೆ. ಏಳರಲ್ಲಿಯೂ ಒಂದೇ ಕ್ರಮ: ಅರಿಶಿನ, ವರಪೂಜೆ, ಧಾರೆ, ಮಾಂಗಲ್ಯ, ಆಮೇಲೆ ಆರತಕ್ಷತೆಯಲ್ಲಿ ಸಾಲಾಗಿ ನಿಂತ ನೆಂಟರು. ಅಡುಗೆಯವರಿಲ್ಲ, ಓಲಗದವರಿಲ್ಲ, ಎಲೆ ತೆಗೆಯುವವರಿಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸರು ಒಂದು ಚಿತ್ರದಲ್ಲಿಯೂ ಇರಲಿಲ್ಲ. ಅವರು ಮಂಟಪ ಹತ್ತುವ ವಾಡಿಕೆಯೇ ನಮ್ಮಲ್ಲಿಲ್ಲ. ಹಾಗೆಯೇ ನಮ್ಮ ಗ್ರಂಥಾಲಯದಲ್ಲಿ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನೂ ನೋಡಿದೆ. ಅವರ ಕ್ಯಾಮೆರಾ ಮಕ್ಕಳನ್ನು, ದುಡಿಯುವವರನ್ನು, ಬೀದಿಯ ಜನರನ್ನು ನೋಡುತ್ತದೆ. ನಿಲ್ಲಿಸಿ ತೆಗೆದ ಚಿತ್ರಕ್ಕೂ ಕಾದು ತೆಗೆದ ಚಿತ್ರಕ್ಕೂ ಇರುವ ಅಂತರವನ್ನು ತಿಳಿಯಲು ಏಳು ಆಲ್ಬಮ್ಮುಗಳ ಪಕ್ಕದಲ್ಲಿ ಅವರ ಹತ್ತು ಚಿತ್ರಗಳನ್ನಿಟ್ಟರೆ ಸಾಕು.

ಎರಡನೆಯದು ಬೆಳಕಿನ ವಿಚಾರ. ಮುಹೂರ್ತದ ಹಿಂದಿನ ದಿನ, ಮುಹೂರ್ತದ ಹೊತ್ತಿಗೇ ಮಂಟಪಕ್ಕೆ ಹೋಗಿ ನಿಂತು ನೋಡಬೇಕು. ಕಿಟಕಿ ಎಲ್ಲಿದೆ, ಬಿಸಿಲು ಯಾವ ಕಡೆಯಿಂದ ಬರುತ್ತದೆ, ದೀಪಗಳು ಯಾವ ಜಾತಿಯವು ಎಂಬುದೆಲ್ಲ ಆಗಲೇ ತಿಳಿಯುತ್ತದೆ. ಕೆಲವು ಅಗ್ಗದ ಎಲ್‌ಇಡಿ ದೀಪಗಳು ನಮ್ಮ ಕಣ್ಣಿಗೆ ಸ್ಥಿರವಾಗಿ ಕಂಡರೂ ವಾಸ್ತವವಾಗಿ ಮಿಟುಕುತ್ತಿರುತ್ತವೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು, ಆದ್ದರಿಂದ ಮಿಟುಕುವಿಕೆ ಸೆಕೆಂಡಿಗೆ 100 ಸಲ. ಷಟರಿನ ವೇಗವನ್ನು ಬಹಳ ಹೆಚ್ಚಿಸಿದರೆ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಬೀಳುತ್ತವೆ. 1/100 ಸೆಕೆಂಡಿನಲ್ಲಿ ನಿಲ್ಲಿಸಿದರೆ ಒಂದು ಪೂರ್ತಿ ಮಿಟುಕು ಒಳಗೆ ಸೇರುವುದರಿಂದ ಪಟ್ಟಿ ಮಾಯವಾಗುತ್ತದೆ. ಹಿಂದಿನ ದಿನವೇ ಇದನ್ನು ಪರೀಕ್ಷಿಸಿ ನೋಡಿಕೊಂಡದ್ದು ಮಾರನೆಯ ದಿನ ನನ್ನ ಜೀವ ಉಳಿಸಿತು.

ಬಿಳಿ ಪಂಚೆಯ ವಿಷಯದಲ್ಲಿಯೂ ಎಚ್ಚರವಿರಬೇಕು. ಕ್ಯಾಮೆರಾದ ಅಳತೆಗಾರನು ಲೋಕವೆಲ್ಲ ಸಾಧಾರಣ ಬೂದುಬಣ್ಣದ್ದೆಂದು ನಂಬಿರುವ ಪ್ರಾಣಿ. ಬಿಳಿ ಪಂಚೆ, ಬಿಳಿ ಶಲ್ಯ, ಬಿಳಿ ಪೇಟದ ಮದುಮಗನನ್ನು ತೋರಿಸಿದರೆ ಅದನ್ನೂ ಬೂದು ಮಾಡಲು ಹವಣಿಸಿ ಇಡೀ ಚಿತ್ರವನ್ನು ಕಪ್ಪಾಗಿಸುತ್ತದೆ. ಒಂದು ಸ್ಟಾಪಿನಷ್ಟು ಬೆಳಕನ್ನು ನಾವಾಗಿಯೇ ಹೆಚ್ಚಿಸಿ ಕೊಡಬೇಕು.

ಇನ್ನು ಮಾಂಗಲ್ಯಧಾರಣೆ. ಎಲ್ಲರೂ ಬಯಸುವ ಚಿತ್ರ ಇದೇ, ತೆಗೆಯಲು ಅತಿ ಕಷ್ಟವಾದದ್ದೂ ಇದೇ. ಪುರೋಹಿತರು "ಗಟ್ಟಿಮೇಳ" ಎನ್ನುತ್ತಲೇ ನಾಗಸ್ವರ, ಡೋಲು ಒಮ್ಮೆಲೇ ಏರುತ್ತವೆ. ಸಭೆ ಎದ್ದು ನಿಲ್ಲುತ್ತದೆ. ಮುಂದಿನ ಸಾಲಿನ ಪ್ರತಿಯೊಬ್ಬರ ಕೈಯಲ್ಲಿಯೂ ಒಂದು ಮೊಬೈಲು ಮೇಲೇಳುತ್ತದೆ. ನಾಲ್ಕೂ ಕಡೆಯಿಂದ ಅಕ್ಷತೆಯ ಮಳೆ ಸುರಿಯುತ್ತದೆ. ಸಭೆಯ ಕಡೆ ನಿಂತವನಿಗೆ ಆಗ ಬೆನ್ನುಗಳ ಹೊರತು ಬೇರೇನೂ ಕಾಣಿಸದು. ಆದ್ದರಿಂದ ಪುರೋಹಿತರ ಅಪ್ಪಣೆ ಪಡೆದು ಮೊದಲೇ ಮಂಟಪದ ಒಂದು ಕಂಬದ ಪಕ್ಕ ಮೊಣಕಾಲೂರಿ ಕುಳಿತುಬಿಡಬೇಕು. ನಮ್ಮ ಪುರೋಹಿತರು ಮೊದಲು, "ಫೋಟೋದವನು ಎಲ್ಲಮ್ಮಾ?" ಎಂದು ನನ್ನನ್ನೇ ಕೇಳಿದರು. ನಾನೇ ಎಂದು ತಿಳಿದ ಮೇಲೆ ನಕ್ಕು, ಯಾವ ಶಾಸ್ತ್ರ ಯಾವುದರ ಹಿಂದೆ ಬರುವುದೆಂದು ತಾವಾಗಿಯೇ ವಿವರಿಸಿದರು. ಹೆಣ್ಣುಮಗಳಾದದ್ದರಿಂದ ನನಗೆ ಇನ್ನೊಂದು ಅನುಕೂಲವೂ ಇತ್ತು: ಹೆಣ್ಣಿನ ಕೋಣೆಗೆ ತಡೆಯಿಲ್ಲದೆ ಹೋಗಬಹುದಾಗಿತ್ತು.

ತಾಳಿ ಬಿದ್ದೊಡನೆ ಜನರು ಊಟದ ಪಂಕ್ತಿಗೆ ಧಾವಿಸುತ್ತಾರೆ. ಆದರೆ 1955ರ ಹಿಂದೂ ವಿವಾಹ ಕಾಯಿದೆಯ ಏಳನೆಯ ಕಲಮು ಏನು ಹೇಳುತ್ತದೆ? ಸಪ್ತಪದಿ ಇರುವ ಮದುವೆಯಲ್ಲಿ, ವಧೂವರರು ಅಗ್ನಿಯ ಮುಂದೆ ಏಳನೆಯ ಹೆಜ್ಜೆಯಿಟ್ಟಾಗಲೇ ಮದುವೆ ಪೂರ್ಣವಾಗಿ ಬಂಧನಕಾರಿಯಾಗುತ್ತದೆ. ಅಂದರೆ ಕಾಯಿದೆಯ ಕಣ್ಣಿಗೆ ಮದುವೆಯಾಗುವ ಗಳಿಗೆಯಲ್ಲಿ ಸಭೆಯಲ್ಲಿ ಬಹುಪಾಲು ಖಾಲಿ ಕುರ್ಚಿಗಳಿರುತ್ತವೆ! ನಾನು ಆ ಏಳು ಹೆಜ್ಜೆಗಳನ್ನೂ ತೆಗೆದೆ. ನಾನು ನೋಡಿದ ಏಳು ಆಲ್ಬಮ್ಮುಗಳ ಪೈಕಿ ಎರಡರಲ್ಲಿ ಮಾತ್ರ ಅದರ ಚಿತ್ರವಿತ್ತು.

ಗುಂಪುಚಿತ್ರದ ಬಗ್ಗೆ ಒಂದು ಲೆಕ್ಕ ಹೇಳಿ ಮುಂದೆ ಹೋಗುತ್ತೇನೆ. ಫ್ಲಾಷಿನ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಮುಂದಿನ ಸಾಲು ಎರಡು ಮೀಟರಿನಲ್ಲಿ, ಹಿಂದಿನ ಸಾಲು ನಾಲ್ಕು ಮೀಟರಿನಲ್ಲಿ ಇದ್ದರೆ ಹಿಂದಿನವರಿಗೆ ಸಿಗುವುದು ಕಾಲುಭಾಗ ಬೆಳಕು. ಅದೇ ಗುಂಪನ್ನು ಆರು ಮೀಟರು ಹಿಂದೆ ಸರಿದು ತೆಗೆದರೆ ಹಿಂದಿನ ಸಾಲಿಗೆ ಅರ್ಧಕ್ಕಿಂತ ಹೆಚ್ಚು ಬೆಳಕು ದೊರೆಯುತ್ತದೆ. ಹಿಂದಿನ ಸಾಲಿನಲ್ಲಿ ನಿಲ್ಲುವವರು ಸಾಮಾನ್ಯವಾಗಿ ಬಡ ನೆಂಟರು.

ಈಗ ಅತ್ತೆಯ ವಿಷಯ. ಧಾರೆಯೆರೆಯುವವರು ಚಿಕ್ಕಮಾವ ಮತ್ತು ಅವರ ಹೆಂಡತಿ ಎಂದು ಮೊದಲೇ ನಿಶ್ಚಯವಾಗಿತ್ತು. ಮಗಳನ್ನು ಹೆತ್ತು, ಸಾಲ ಮಾಡಿ ಓದಿಸಿ, ಹಿಪ್ಪುನೇರಳೆ ಸೊಪ್ಪು ಹೊತ್ತು ಸಾಕಿದವಳು ಅಂದು ಎಲ್ಲಿ ನಿಲ್ಲುತ್ತಾಳೆ? ಹಿಂದಿನ ದಿನ ಅವಳನ್ನೇ ಕೇಳಿದೆ. "ನಾನೆಲ್ಲಿ ನಿಂತ್ಕತೀನಿ, ಅಡ್ಗೆಮನೆ ಬಾಗಿಲಲ್ಲಿ ಇರ್ತೀನಿ ಬುಡವ್ವ" ಎಂದಳು. ಅತ್ತೆಯನ್ನು ಮಂಟಪಕ್ಕೆ ಕರೆಯಿಸುವಷ್ಟು ಮಾತು ನನ್ನದು ಆ ಮನೆಯಲ್ಲಿ ನಡೆಯುವುದಿಲ್ಲ. ಆದರೆ ಕ್ಯಾಮೆರಾ ಎಲ್ಲಿ ಕೂರಬೇಕೆಂಬುದು ನನ್ನ ಕೈಯಲ್ಲಿತ್ತು. ಮಂಟಪದ ಎಡಗಡೆಯ ಕಂಬದ ಬಳಿ ಕುಳಿತರೆ ವಧೂವರರ ಕೈಗಳಾಚೆ ಆ ಬಾಗಿಲು ನೇರವಾಗಿ ಕಾಣಿಸುತ್ತಿತ್ತು. "ಚಿತ್ರದಲ್ಲಿ ನೀನೂ ಬರ್ತೀಯ ಅತ್ತೆ, ಬೇಜಾರಿಲ್ಲ ತಾನೆ?" ಎಂದು ಕೇಳಿದೆ. "ಬಂದ್ರೆ ಬರ್ಲಿ ಬುಡು. ನನ್ ಮಗೀದು ಮೊಕ ಚೆನ್ನಾಗಿ ಬರ್ಲಿ" ಎಂದಳು.

ಇಲ್ಲಿ ಲೆನ್ಸಿನ ಆಯ್ಕೆ ಮುಖ್ಯವಾಯಿತು. 50 ಮಿಲಿಮೀಟರಿನ ಲೆನ್ಸನ್ನು ಎಫ್ 1.8ಕ್ಕೆ ತೆರೆದರೆ ಮುಂದಿರುವ ಮುಖ ಸ್ಪಷ್ಟವಾಗಿ, ಹಿಂದಿರುವುದೆಲ್ಲ ಬೆಣ್ಣೆಯಂತೆ ಕರಗಿಹೋಗುತ್ತದೆ. ಈಗ ಎಲ್ಲರೂ ಮೆಚ್ಚುವ ರೀತಿ ಅದು. ಹಾಗೆ ತೆಗೆದಿದ್ದರೆ ಅತ್ತೆಯೂ ಕರಗಿಹೋಗುತ್ತಿದ್ದಳು. ಆದ್ದರಿಂದ ಇನ್ನೊಂದು ಲೆನ್ಸನ್ನು 18 ಮಿಲಿಮೀಟರಿನಲ್ಲಿಟ್ಟು, ದ್ವಾರವನ್ನು ಎಫ್ 8ಕ್ಕೆ ಕಿರಿದುಮಾಡಿದೆ. ನನ್ನ ಕ್ಯಾಮೆರಾದ ಅಳತೆಯಲ್ಲಿ ಹೀಗೆ ಮಾಡಿ ಎರಡು ಮೀಟರಿಗಿಂತ ತುಸು ಆಚೆಗೆ ದೃಷ್ಟಿ ನೆಟ್ಟರೆ, ಸುಮಾರು ಒಂದು ಮೀಟರಿನಿಂದ ಹಿಡಿದು ಗೋಡೆಯವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಕಡಿಮೆಯಾದ ಬೆಳಕನ್ನು ಸರಿದೂಗಿಸಲು ಐಎಸ್‌ಒ 3200ಕ್ಕೆ ಏರಿಸಿದೆ. ಚಿತ್ರಕ್ಕೆ ಸ್ವಲ್ಪ ರವೆಯಂಥ ಕಾಳು ಬಂತು, ಬರಲಿ. ಮುಂದೆ ಕೈಗಳ ಮೇಲೆ ಹಾಲು ಬೀಳುತ್ತಿದೆ. ಹಿಂದೆ ಬಾಗಿಲಲ್ಲಿ, ಬೆರಳುದ್ದದ ಆಕೃತಿಯಾಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತೆ. ಮದುಮಗಳ ಕಣ್ಣು ಹಾಲಿನ ಕಡೆ ಇಲ್ಲ, ಬಾಗಿಲ ಕಡೆ ಇದೆ. ಅದನ್ನು ಮಾತ್ರ ನಾನು ಲೆಕ್ಕ ಹಾಕಿರಲಿಲ್ಲ.

ಒಟ್ಟು 1,140 ಚಿತ್ರಗಳಲ್ಲಿ 212ನ್ನು ಆರಿಸಿದೆ. ಈ ಆರಿಸುವ ಕೆಲಸ ತೆಗೆಯುವುದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆಂಬುದನ್ನು ಯಾರೂ ಮೊದಲೇ ಹೇಳುವುದಿಲ್ಲ. ಅಷ್ಟನ್ನೂ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಿಗೆ ನಕಲು ಮಾಡಿ, ತೆರೆದು ಪರೀಕ್ಷಿಸುವವರೆಗೆ ಕ್ಯಾಮೆರಾದ ಕಾರ್ಡನ್ನು ಅಳಿಸಲಿಲ್ಲ. ಆಲ್ಬಮ್ಮಿಗೆ ಚಿತ್ರ ಜೋಡಿಸುವ ದಿನ ಚಿಕ್ಕಮಾವ ಧಾರೆಯ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಹಿಂದಿನ ಬಾಗಿಲು ಕತ್ತರಿಸೋಕೆ ಬರಲ್ವೇನವ್ವ?" ಎಂದರು. ಬರುತ್ತದೆ, ಒಂದು ನಿಮಿಷದ ಕೆಲಸ ಎಂದೆ. ಫೋನಿನಲ್ಲಿದ್ದ ಅಕ್ಕ, "ಕತ್ತರಿಸಿದ್ರೆ ಆ ಆಲ್ಬಮ್ಮೇ ನನಗೆ ಬೇಡ, ಚಿಕ್ಕಪ್ಪ" ಎಂದಳು. ಅವರು ಮರುಮಾತಾಡಲಿಲ್ಲ. ಚಿತ್ರವು ಎರಡು ಪುಟಗಳ ಅಗಲಕ್ಕೆ ಪೂರ್ತಿಯಾಗಿ ಅಚ್ಚಾಯಿತು.

ಅತ್ತೆ ಅದನ್ನು ಇನ್ನೂ ನೋಡಿಲ್ಲ. ಆಲ್ಬಮ್ಮು ಬೀಗರ ಮನೆಯಲ್ಲಿದೆ. ಆಷಾಢಕ್ಕೆ ತವರಿಗೆ ಬರುವಾಗ ಅಕ್ಕ ತರುತ್ತಾಳಂತೆ.